ಚೌಕಟ್ಟಿನ ಆಚೆಯ ಮನೆ: ನಗರದ ಚಿತ್ರಗಳನ್ನು ಗೋಡೆಗೆ ಹಾಕುವವರಿಗೆ ಒಂದು ಬಹಿರಂಗ ಪತ್ರ

ನಗರ ಮ್ಯೂಸಿಯಂಗಳ ನಿರ್ದೇಶಕರಿಗೆ, ಕ್ಯುರೇಟರುಗಳಿಗೆ, ಚಿತ್ರಗಳ ಪಕ್ಕ ಲೇಬಲ್ ಬರೆಯುವ ಎಲ್ಲರಿಗೂ,

ನಮಸ್ಕಾರ.

ಒಂದು ಪ್ರದರ್ಶನದಲ್ಲಿ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ನಗರವೊಂದು ಕಾಲಕಾಲಕ್ಕೆ ಹೇಗೆ ಬದಲಾಯಿತು ಅಂತ ಅಲ್ಲಿನ ಕಲೆಯ ಮೂಲಕ ತೋರಿಸುವ ಪ್ರದರ್ಶನ ಅದು. ವಯಸ್ಸಾದ ಹೆಂಗಸೊಬ್ಬರು ಹಳೇ ಬೀದಿಯ ಒಂದು ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದರು. ಆಮೇಲೆ ಕೈ ಚಾಚಿ, ಚೌಕಟ್ಟಿನ ಹೊರಗಿನ ಗೋಡೆ ಮುಟ್ಟಿ, ಜೊತೆಗಿದ್ದ ಹುಡುಗಿಗೆ "ನಮ್ಮನೆ ಇಲ್ಲಿ ಬರುತ್ತೆ ನೋಡು" ಅಂದರು. ಚಿತ್ರದ ಒಳಗೆ ಅಲ್ಲ. ಪಕ್ಕದ ಗೋಡೆಯ ಮೇಲೆ. ಕಲಾವಿದ ಅಲ್ಲಿವರೆಗೂ ಬರೆದಿರಲಿಲ್ಲ. ಅಷ್ಟರಲ್ಲಿ ಕಾವಲಿನವರು ಬಂದು ಹಿಂದೆ ಸರಿಯಿರಿ ಅಂದರು. ಆಕೆ ಸರಿದರು.

ಅವರು ಬೆರಳಿಟ್ಟ ಜಾಗದಲ್ಲಿ ಏನಿತ್ತು ಗೊತ್ತಾ? ನಿಮ್ಮ ಲೇಬಲ್ ಇತ್ತು. ಕಲಾವಿದನ ಹೆಸರು, ಇಸವಿ, ಕ್ಯಾನ್ವಾಸಿನ ಉದ್ದಗಲ, ಚಿತ್ರ ಕೊಟ್ಟ ದಾನಿಯ ಹೆಸರು. ಕೊನೆಗೆ ಒಂದು ಸಾಲು: ಈ ಪ್ರದೇಶವನ್ನು ನಂತರ ತೆರವುಗೊಳಿಸಲಾಯಿತು.

ಆ ಸಾಲು ನನ್ನನ್ನು ಬಿಟ್ಟಿಲ್ಲ. ತೆರವುಗೊಳಿಸಲಾಯಿತು. ಅಗಲಗೊಳಿಸಲಾಯಿತು. ಸ್ಥಳಾಂತರಿಸಲಾಯಿತು. ಇಂಥ ಕ್ರಿಯಾಪದ ಹಾಕಿದರೆ ಮಾಡಿದವರೂ ಕಾಣುವುದಿಲ್ಲ, ಅನುಭವಿಸಿದವರೂ ಕಾಣುವುದಿಲ್ಲ. ಮಳೆ ಬಂತು, ಬಿಸಿಲು ಬಂತು ಅನ್ನುವ ಹಾಗೆ ಒಂದು ಬಡಾವಣೆ ತಾನಾಗೇ ಹೋಯಿತು ಅನ್ನಿಸುತ್ತದೆ. ಹಾಗೆ ತಾನಾಗೇ ಹೋಗುವ ಬೀದಿ ಯಾವ ನಗರದಲ್ಲೂ ಇಲ್ಲ. ಯಾರೋ ತೀರ್ಮಾನ ಮಾಡಿರುತ್ತಾರೆ. ಯಾರೋ ಗಂಟುಮೂಟೆ ಕಟ್ಟಿರುತ್ತಾರೆ.

ನಾನು ನಿಮ್ಮನ್ನು ಕೇಳುವುದು ಒಂದೇ. ನಗರದ ಯಾವ ಚಿತ್ರವನ್ನೇ ಗೋಡೆಗೆ ಹಾಕಿ, ಪಕ್ಕದಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ. ಇಲ್ಲಿದ್ದವರು ಎಲ್ಲಿಗೆ ಹೋದರು?

ಇದು ಕಲೆಗೆ ಸಂಬಂಧಪಡದ ಪ್ರಶ್ನೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳಲು ನಿಮಗೆ ಚೆನ್ನಾಗಿ ಗೊತ್ತಿರುವ ಚಿತ್ರಗಳನ್ನೇ ತೆಗೆದುಕೊಳ್ಳುತ್ತೇನೆ.

1838ರಲ್ಲಿ ಲೂಯಿ ಡಗೇರ್ ಪ್ಯಾರಿಸ್‌ನ ಬುಲ್ವಾರ್ ದ್ಯು ಟಾಂಪ್ಲ್ ಅನ್ನುವ ರಸ್ತೆಯನ್ನು ಮೇಲಿನ ಕಿಟಕಿಯೊಂದರಿಂದ ಫೋಟೊ ತೆಗೆದರು. ಗಾಡಿ, ಕುದುರೆ, ಜನ ಗಿಜಿಗುಡುತ್ತಿದ್ದ ರಸ್ತೆ ಅದು. ಫೋಟೊದಲ್ಲಿ ಮಾತ್ರ ಬಿಕೋ ಅನ್ನುತ್ತದೆ. ಆಗಿನ ಕ್ಯಾಮೆರಾಗೆ ಒಂದು ಚಿತ್ರ ಹಿಡಿಯಲು ನಿಮಿಷಗಟ್ಟಲೆ ಬೇಕಿತ್ತು. ಓಡಾಡುತ್ತಿದ್ದವರು ಯಾರೂ ಅದರಲ್ಲಿ ಮೂಡಲಿಲ್ಲ. ಮೂಡಿದ್ದು ಮೂಲೆಯಲ್ಲಿ ಒಂದೇ ಕಡೆ. ಒಬ್ಬ ಮನುಷ್ಯ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ಕಾಲು ಚಾಚಿ ನಿಂತಿದ್ದಾನೆ. ಅವನ ಕಾಲ ಬಳಿ ಮಸುಕಾಗಿ ಪಾಲಿಶ್ ಹಾಕುವವನು. ಮನುಷ್ಯರು ಕಾಣುವ ಮೊದಮೊದಲ ಫೋಟೊ ಅಂತ ಇದನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಲೇಬೇಕು. ನಾನು ಆ ಫೋಟೊ ನೋಡಿದಾಗಲೆಲ್ಲ ಕಣ್ಣು ಹೋಗುವುದು ಬೂಟು ಒರೆಸುವವನ ಮೇಲೇ. ನಿಂತಿದ್ದವನು ಪುಣ್ಯವಶಾತ್ ಉಳಿದ. ಇವನು ಉಳಿದದ್ದು ಹೊಟ್ಟೆಪಾಡಿಗಾಗಿ ಒಂದೇ ಕಡೆ ಕೂತು ಕೆಲಸ ಮಾಡಬೇಕಾಗಿದ್ದರಿಂದ. ಇಬ್ಬರ ಹೆಸರೂ ನಮಗೆ ಸಿಕ್ಕಿಲ್ಲ. ಉಳಿದ ಜನ ಆ ರಸ್ತೆಯಲ್ಲಿ ಇದ್ದರು, ಆದರೆ ಚಿತ್ರದಲ್ಲಿ ಇಲ್ಲ.

ಅದು ಕ್ಯಾಮೆರಾದ ಮಿತಿ, ಯಾರ ತಪ್ಪೂ ಅಲ್ಲ. ಆದರೆ ಕ್ಯಾಮೆರಾ ಬರುವ ಮೊದಲೂ, ಬಂದ ಮೇಲೂ, ಬೇಕೆಂತಲೇ ಬಿಟ್ಟದ್ದು ಬಹಳ ಇದೆ. ಡಚ್ ಚಿತ್ರಕಾರ ಗೆರಿಟ್ ಬೆರ್ಕ್‌ಹೈಡ್ 1670ರ ದಶಕದ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹೆರೆನ್‌ಗ್ರಾಕ್ಟ್ ಕಾಲುವೆಯ ತಿರುವನ್ನು ಬಿಡಿಸಿದರು. ಸಾಹುಕಾರರು ಆಗಷ್ಟೇ ಕಟ್ಟಿಸಿಕೊಳ್ಳುತ್ತಿದ್ದ ದೊಡ್ಡ ದೊಡ್ಡ ಮನೆಗಳು ಬೆಳಕಿನಲ್ಲಿ ಥಳಥಳ ಹೊಳೆಯುತ್ತವೆ. ನಿಜವಾದ ಕಾಲುವೆಯ ದಡದಲ್ಲಿ ಮರಗಳಿದ್ದವು. ಚಿತ್ರದಲ್ಲಿ ಇಲ್ಲ. ಮನೆಗಳ ಮುಂಭಾಗ ಪೂರ್ತಿ ಕಾಣಲಿ ಅಂತ ಬಿಟ್ಟರು. ಮರ ಬಿಟ್ಟದ್ದು ದೊಡ್ಡ ಅಪರಾಧವೇನೂ ಅಲ್ಲ. ಆದರೆ ಬಿಟ್ಟಿದ್ದಾರೆ ಅಂತ ಗೊತ್ತಾದ ಕೂಡಲೇ ಆ ಚಿತ್ರ ನೋಡುವ ಕಣ್ಣೇ ಬದಲಾಗುತ್ತದೆ, ಅಲ್ವಾ? ಮನೆ ಯಾರದು, ಯಾರಿಗೆ ತೋರಿಸಲು ಅನ್ನುವ ಯೋಚನೆ ತಾನಾಗೇ ಬರುತ್ತದೆ.

ಹದಿನೆಂಟನೇ ಶತಮಾನದ ವೆನಿಸ್ ಚಿತ್ರಕಾರ ಕೆನಾಲೆಟ್ಟೊ ವಿಷಯಕ್ಕೆ ಬರೋಣ. ವೆನಿಸ್ ಅಂದರೆ ನಮ್ಮ ಕಣ್ಣ ಮುಂದೆ ಬರುವ ನೀಲಿ ನೀರು, ದೋಣಿ, ಬಿಸಿಲು ಬಿದ್ದ ಅರಮನೆ, ಇವೆಲ್ಲ ಎಷ್ಟೋ ಮಟ್ಟಿಗೆ ಅವರು ಕೊಟ್ಟದ್ದು. ಅವರ ಹೆಚ್ಚಿನ ಗಿರಾಕಿಗಳು ವೆನಿಸ್ ನೋಡಲು ಬರುತ್ತಿದ್ದ ಇಂಗ್ಲಿಷ್ ಶ್ರೀಮಂತರು. ಮನೆಗೆ ಒಯ್ಯಲು ಅವರಿಗೆ ಚೆಂದದ ನೆನಪು ಬೇಕಿತ್ತು, ಕೆನಾಲೆಟ್ಟೊ ಬರೆದುಕೊಟ್ಟರು. ಆದರೆ ಸುಮಾರು 1725ರಲ್ಲಿ ಅವರೇ ಬರೆದ ಇನ್ನೊಂದು ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಲ್ಲುಕುಟಿಗರ ಅಂಗಳದ ಚಿತ್ರ. ಅದನ್ನು ಬರೆಸಿದ್ದು ಬಹುಶಃ ವೆನಿಸ್‌ನವರೇ. ಅಂಗಳದ ತುಂಬ ಕಲ್ಲಿನ ತುಂಡು. ಕುಟಿಗರು ಬಗ್ಗಿ ಕೆಲಸ ಮಾಡುತ್ತಿದ್ದಾರೆ. ಎಡಗಡೆ ಒಂದು ಮಗು ಬಿದ್ದಿದೆ, ತಾಯಿ ಓಡಿ ಬರುತ್ತಿದ್ದಾಳೆ. ಬಟ್ಟೆ ಒಣಗುತ್ತಿದೆ. ಮನೆಯ ಗಾರೆ ಉದುರಿದೆ. ಕಾಲುವೆಯ ಆಚೆ ಸಾಂತಾ ಮರಿಯಾ ದೆಲ್ಲಾ ಕಾರಿತಾ ಚರ್ಚಿನ ಗಂಟೆ ಗೋಪುರ ನಿಂತಿದೆ. ಆ ಗೋಪುರ 1744ರಲ್ಲಿ ಕುಸಿದು ಬಿತ್ತು. ಒಂದೇ ಊರು, ಒಂದೇ ಕೈ. ಊರಿನವರಿಗೆ ಬರೆದ ಚಿತ್ರದಲ್ಲಿ ಊರಿನವರು ಇದ್ದಾರೆ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಕೆನಾಲೆಟ್ಟೊ ಮತ್ತು ಅವರ ಸೋದರಳಿಯ ಬೆಲ್ಲೊಟ್ಟೊ ಎದುರಿನ ದೃಶ್ಯವನ್ನು ಕಾಗದದ ಮೇಲೆ ಬೀಳಿಸುವ ಕ್ಯಾಮೆರಾ ಒಬ್ಸ್ಕ್ಯುರಾ ಅನ್ನುವ ಪೆಟ್ಟಿಗೆ ಬಳಸಿ ಕಟ್ಟಡಗಳ ಗೆರೆ ತೆಗೆಯುತ್ತಿದ್ದರು. ನೀರಿನ ಅಂಚಿನಲ್ಲಿ ಗೋಡೆಗೆ ಅಂಟಿದ ಪಾಚಿಯ ಹಸಿರು ಪಟ್ಟಿಯನ್ನೂ ನಿಖರವಾಗಿ ಬರೆದರು. ಎರಡೂವರೆ ಶತಮಾನ ಕಳೆದ ಮೇಲೆ ಇಟಲಿಯ ವಿಜ್ಞಾನಿಗಳು ಅದೇ ಗೋಡೆಗಳ ಇಂದಿನ ಪಾಚಿ ಗೆರೆಯನ್ನು ಚಿತ್ರದ ಗೆರೆಯ ಜೊತೆ ಹೋಲಿಸಿದರು. ನೀರು ಸುಮಾರು 60 ಸೆಂಟಿಮೀಟರ್ ಮೇಲೆ ಬಂದಿದೆ ಅಂತ ಲೆಕ್ಕ ಸಿಕ್ಕಿತು. ಅರಮನೆಯ ಕಮಾನಿಗಾಗಿ ದುಡ್ಡು ಕೊಟ್ಟವರು ಯಾರೂ ಪಾಚಿಗಾಗಿ ಕೊಟ್ಟಿರಲಿಲ್ಲ. ಮುಳುಗುತ್ತಿರುವ ಊರಿಗೆ ಇವತ್ತು ಬೇಕಾದದ್ದು ಆ ಪಾಚಿಯೇ. ಹಾಗಾಗಿ ನಗರದ ಚಿತ್ರದಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಅಂತ ಮೊದಲೇ ತೀರ್ಮಾನ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅಂಚಿನಲ್ಲಿರುವುದನ್ನೂ ತೋರಿಸಿ, ಅದರ ಬಗ್ಗೆಯೂ ಬರೆಯಿರಿ.

ಈಗ ಸ್ವಲ್ಪ ಕಷ್ಟದ ಮಾತು. ನಿಮ್ಮಲ್ಲಿರುವ ಎಷ್ಟೋ ಅಮೂಲ್ಯ ಚಿತ್ರಗಳನ್ನು ಮಾಡಿಸಿದವರು ಆ ಬೀದಿಗಳನ್ನು ಒಡೆಸಿದವರೇ.

1853ರಿಂದ 1870ರವರೆಗೆ ಬ್ಯಾರನ್ ಓಸ್ಮಾನ್ ಪ್ಯಾರಿಸ್ ಆಡಳಿತದ ಮುಖ್ಯಸ್ಥರಾಗಿದ್ದರು. ಹಳೇ ಓಣಿಗಳನ್ನು ನೆಲಸಮ ಮಾಡಿಸಿ ಅಗಲವಾದ ನೇರ ರಸ್ತೆಗಳನ್ನು ಹಾಕಿಸಿದರು. ಒಡೆಯುವ ಮೊದಲು ಆ ಓಣಿಗಳ ಫೋಟೊ ತೆಗೆಯುವ ಕೆಲಸವನ್ನು ನಗರ ಶಾರ್ಲ್ ಮಾರ್ವಿಲ್ ಅವರಿಗೆ ಕೊಟ್ಟಿತು. 1860ರ ದಶಕದಲ್ಲಿ ಅವರು ತೆಗೆದ ಅಂಥ ಫೋಟೊಗಳು 400ಕ್ಕೂ ಹೆಚ್ಚು. ಒದ್ದೆ ಕಲ್ಲುಹಾಸು, ಚರಂಡಿ, ಗೋಡೆಯ ಮೇಲಿನ ಜಾಹೀರಾತು, ಎಲ್ಲ ಅದ್ಭುತವಾಗಿ ಮೂಡಿವೆ. ಜನ ಕಾಣುವುದು ತೀರಾ ಕಡಿಮೆ. ನೋಡುವವರಿಗೆ ಆಗಲೇ ಎಲ್ಲ ಖಾಲಿ ಮಾಡಿ ಹೋಗಿದ್ದಾರೆ ಅನ್ನಿಸುತ್ತದೆ. ಹೋಗಿರಲಿಲ್ಲ. ಅದೇ ಓಸ್ಮಾನ್ ಒತ್ತಾಯದಿಂದ ನಗರ 1866ರಲ್ಲಿ ಕಾರ್ನವಾಲೆ ಮಹಲನ್ನು ಕೊಂಡಿತು. ಅದು 1880ರಲ್ಲಿ ಪ್ಯಾರಿಸ್‌ನ ಇತಿಹಾಸದ ಮ್ಯೂಸಿಯಂ ಆಗಿ ತೆರೆಯಿತು. ಒಡೆದದ್ದು, ಚಿತ್ರ ಹಿಡಿಸಿದ್ದು, ಮ್ಯೂಸಿಯಂ ಮಾಡಿದ್ದು, ಮೂರೂ ಒಂದೇ ಆಡಳಿತ. ಇದರಲ್ಲಿ ಬರೀ ಕೆಟ್ಟತನ ಇತ್ತು ಅಂತ ನಾನು ಹೇಳುತ್ತಿಲ್ಲ. ಹೊಸ ನೀರಿನ ಕೊಳವೆ, ಒಳಚರಂಡಿ ಅದೇ ಕಾಲದಲ್ಲಿ ಬಂದವು, ಅವೂ ಬೇಕಿತ್ತು. ಫೋಟೊಗಳೂ ಉಳಿಯದೇ ಹೋಗಿದ್ದರೆ ನಮ್ಮ ನಷ್ಟ ಇನ್ನೂ ದೊಡ್ಡದಿತ್ತು. ಆದರೆ ನೋಡುವವರಿಗೆ ಈ ನಂಟು ತಿಳಿಯಬೇಕು. ಫೋಟೊದ ಪಕ್ಕದಲ್ಲೇ ತಿಳಿಯಬೇಕು. ಕೆಟಲಾಗಿನ ಇನ್ನೂರನೇ ಪುಟದಲ್ಲಿ ಬರೆದರೆ ಸಾಲದು.

ಮಾರ್ವಿಲ್ ಅವರದೇ ಇನ್ನೊಂದು ಫೋಟೊ ಇದೆ. 1877-78ರ ಸುಮಾರಿನದು, ಊರಂಚಿನ ರ್‍ಯೂ ಶಾಂಪ್ಲೇನ್ ಅನ್ನುವ ಏರಿನ ಮೇಲಿಂದ ತೆಗೆದದ್ದು. ಇಳಿಜಾರಿನಲ್ಲಿ ಹಲಗೆ, ತಗಡು ಸಿಕ್ಕಿದ್ದರಲ್ಲಿ ಕಟ್ಟಿದ ಗುಡಿಸಲುಗಳು. ದೂರದಲ್ಲಿ ಮಬ್ಬಾಗಿ ಪಟ್ಟಣ. ಹಳೇ ಓಣಿಗಳಲ್ಲಿ ಬಾಡಿಗೆಗಿದ್ದ ಬಡವರು ಊರಂಚಿಗೆ ಹೋಗಿ ಸೇರಿದ್ದು ಇಂಥ ಜಾಗಗಳಿಗೆ. ನನ್ನ ಪ್ರಶ್ನೆಗೆ ಉತ್ತರ ಅದೇ ಕಲಾವಿದನ ಕೈಯಲ್ಲೇ ಇತ್ತು ನೋಡಿ. ಓಣಿಯ ಫೋಟೊ ಒಂದು ಕೋಣೆಯಲ್ಲಿ, ಗುಡಿಸಲಿನ ಫೋಟೊ ಇನ್ನೊಂದು ಕೋಣೆಯಲ್ಲಿ ಹಾಕಿದರೆ ಎರಡೂ ಮೂಕ. ಅಕ್ಕಪಕ್ಕ ಹಾಕಿ. ಒಂದೂ ಮಾತು ಬರೆಯದಿದ್ದರೂ ನಡೆಯುತ್ತದೆ.

ಗ್ಲಾಸ್ಗೋದಲ್ಲೂ ಹೀಗೇ ಆಯಿತು. 1868ರಿಂದ 1871ರವರೆಗೆ ಥಾಮಸ್ ಅನ್ನನ್ ಹಳೇ ವಠಾರಗಳ ಫೋಟೊ ತೆಗೆದರು. ತೆಗೆಸಿದ್ದು ಅವನ್ನು ಕೆಡವಲು ಹೊರಟಿದ್ದ ನಗರ ಸುಧಾರಣಾ ಟ್ರಸ್ಟ್. ಆದರೆ ಅನ್ನನ್ ಚಿತ್ರಗಳಲ್ಲಿ ಜನ ಗೋಡೆಗೆ ಒರಗಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. ತಡೆಯಲಾಗದೆ ಅಲುಗಾಡಿದ ಮಕ್ಕಳು ಹೊಗೆಯ ಹಾಗೆ ಕಾಣುತ್ತಾರೆ. ಒಡೆಸುವವರಿಗಾಗಿ ತೆಗೆದ ಚಿತ್ರದಲ್ಲೂ ವಾಸವಿದ್ದವರು ಹೀಗೆ ಬಂದು ನಿಲ್ಲುತ್ತಾರೆ.

ಭಾರತದ ನಗರಗಳ ಚಿತ್ರ ಇಟ್ಟುಕೊಂಡಿರುವವರಿಗೆ ಎರಡು ಮಾತು ಹೇಳಲೇಬೇಕು. 1846ರಲ್ಲಿ ಮಜಹರ್ ಅಲಿ ಖಾನ್ ಅನ್ನುವ ದೆಹಲಿಯ ಕಲಾವಿದ ಕೆಂಪುಕೋಟೆಯ ಲಾಹೋರ್ ಬಾಗಿಲಿನ ಮೇಲಿಂದ ಸುತ್ತಲೂ ಕಂಡದ್ದನ್ನೆಲ್ಲ ಸುಮಾರು 5 ಮೀಟರ್ ಉದ್ದದ ಕಾಗದದ ಮೇಲೆ ಬಿಡಿಸಿದರು. ಅರಮನೆ, ಮಸೀದಿ, ಮನೆಗಳ ತಾರಸಿ, ಅಂಗಳ, ಮರ. ಆ ಚಿತ್ರ ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹನ್ನೊಂದು ವರ್ಷಕ್ಕೆ 1857 ಬಂತು. ದಂಗೆ ಅಡಗಿದ ಮೇಲೆ ಬ್ರಿಟಿಷರು ಕೋಟೆಯೊಳಗಿನ ಬಹುಪಾಲು ಕಟ್ಟಡಗಳನ್ನು ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದರು. ಕೋಟೆಯ ಹೊರಗೂ ದೊಡ್ಡ ಭಾಗವನ್ನು ಬಯಲು ಮಾಡಿದರು. ದೆಹಲಿಯ ಜನರನ್ನು ಊರಾಚೆ ಅಟ್ಟಿದರು. ಇದನ್ನು ತಿಳಿಯದೆ ಆ ಚಿತ್ರ ನೋಡಿದರೆ ಎಂಥ ಕುಸುರಿ ಕೆಲಸ ಅನ್ನಿಸುತ್ತದೆ. ತಿಳಿದು ನೋಡಿದರೆ ಒಂದೊಂದು ತಾರಸಿಯ ಮೇಲೂ ಕಣ್ಣು ನಿಲ್ಲುತ್ತದೆ. ಕುಸುರಿ ಕಡಿಮೆಯೇನೂ ಆಗುವುದಿಲ್ಲ, ಇನ್ನೂ ಜಾಸ್ತಿ ಕಾಣುತ್ತದೆ.

ಕಲ್ಕತ್ತೆಯ ಮಾತು ಬೇರೆ. 1786ರಿಂದ 1788ರ ನಡುವೆ ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ ಆ ನಗರದ 12 ದೃಶ್ಯಗಳನ್ನು ಅಚ್ಚು ಹಾಕಿಸಿದರು. ಬಿಳಿ ಕಟ್ಟಡ, ಅಗಲ ಆಕಾಶ, ದೂರದಲ್ಲಿ ಪುಟ್ಟ ಪುಟ್ಟ ಜನ. ಅದಾದ ಮುಂದಿನ ಶತಮಾನದಲ್ಲಿ ಹಳ್ಳಿಗಳಿಂದ ವಲಸೆ ಬಂದ ಪಟುವಾ ಚಿತ್ರಗಾರರು ಕಾಳಿಘಾಟ್ ಗುಡಿಯ ಬಳಿ ಕೂತು ಗಿರಣಿ ಕಾಗದದ ಮೇಲೆ ಸರಸರ ಬರೆದು ಭಕ್ತರಿಗೆ ಮಾರಿದರು. ಅವರ ಕಲ್ಕತ್ತೆಯಲ್ಲಿ ಕಟ್ಟಡವೇ ಇಲ್ಲ. ಕೂದಲು ಬಾಚಿ ಬೂಟು ಹಾಕಿದ ಬಾಬು ಇದ್ದಾನೆ, ಅವನಿಗೆ ಪೊರಕೆ ಎತ್ತಿದ ಹೆಂಡತಿ ಇದ್ದಾಳೆ. 1873ರಲ್ಲಿ ನಗರವನ್ನೇ ಅಲ್ಲಾಡಿಸಿದ, ಎಲೋಕೇಶಿ ಅನ್ನುವ ಹೆಂಗಸನ್ನು ಗಂಡನೇ ಕೊಂದ ಪ್ರಕರಣ ಇದೆ. ನಗರ ಬದಲಾದಾಗ ಮೊದಲು ಬದಲಾಗುವುದು ಮನೆಯೊಳಗಿನ ಸಂಬಂಧ ಅಂತ ಅವರಿಗೆ ಗೊತ್ತಿತ್ತು. ಕೊನೆಗೆ ಯಂತ್ರದಲ್ಲಿ ಅಚ್ಚಾದ ಅಗ್ಗದ ಚಿತ್ರಗಳು ಬಂದು ಅವರ ಕಸುಬನ್ನೇ ನುಂಗಿದವು. ಊರಿನ ಬದಲಾವಣೆಯನ್ನು ಬರೆದವರನ್ನೇ ಊರಿನ ಬದಲಾವಣೆ ಎತ್ತಂಗಡಿ ಮಾಡಿತು. ಡೇನಿಯಲ್ ಚಿತ್ರಗಳು ಇತಿಹಾಸದ ಕೋಣೆಯಲ್ಲಿ, ಕಾಳಿಘಾಟ್ ಚಿತ್ರಗಳು ಜಾನಪದದ ಕೋಣೆಯಲ್ಲಿ, ಹೀಗೆ ಎಷ್ಟು ಕಾಲ ಬೇರೆ ಬೇರೆ ಇಡುತ್ತೀರಿ? ಎರಡೂ ಒಂದೇ ನಗರದ ಸಾಕ್ಷಿ. ಒಂದೇ ಗೋಡೆಗೆ ಹಾಕಿ.

ಇಷ್ಟಾದರೂ "ಚಿತ್ರ ಚಿತ್ರವೇ, ಅದರಿಂದ ಏನಾಗುತ್ತದೆ" ಅನ್ನುವವರು ಇದ್ದಾರೆ. ಅವರಿಗೆ ವಾರ್ಸಾ ನಗರದ ಕಥೆ ಹೇಳಬೇಕು. ಮೇಲೆ ಹೇಳಿದ ಬೆಲ್ಲೊಟ್ಟೊ 1768ರಿಂದ ಪೋಲೆಂಡಿನ ರಾಜನ ಆಸ್ಥಾನ ಚಿತ್ರಕಾರರಾಗಿದ್ದರು, 1780ರಲ್ಲಿ ಅಲ್ಲೇ ತೀರಿಕೊಂಡರು. ವಾರ್ಸಾದ ಬೀದಿ, ಚೌಕ, ಚರ್ಚುಗಳನ್ನು ಒಂದೊಂದಾಗಿ ಬರೆದಿಟ್ಟರು. 1944ರ ದಂಗೆಯ ನಂತರ ಜರ್ಮನ್ ಸೇನೆ ಊರನ್ನು ಬೀದಿ ಬೀದಿಯಾಗಿ ಸುಟ್ಟು ಸಿಡಿಸಿತು. ಹಳೇ ಊರಿನ 85 ಶೇಕಡಕ್ಕೂ ಜಾಸ್ತಿ ನಾಶವಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಲು ಹೊರಟವರು ಬೆಲ್ಲೊಟ್ಟೊ ಚಿತ್ರಗಳನ್ನು ಮುಂದಿಟ್ಟುಕೊಂಡರು. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಅಳತೆ ಮಾಡಿ ಬರೆದು ಬಚ್ಚಿಟ್ಟಿದ್ದ ನಕ್ಷೆಗಳೂ ಕೈಹಿಡಿದವು. ಕೆಲವು ಕಡೆ ಬೆಲ್ಲೊಟ್ಟೊ ಚೆಂದಕ್ಕಾಗಿ ಸ್ವಲ್ಪ ಬದಲಿಸಿ ಬರೆದದ್ದೂ ಕಲ್ಲಿನಲ್ಲಿ ಎದ್ದು ನಿಂತಿತು. 1980ರಲ್ಲಿ ಯುನೆಸ್ಕೊ ಆ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿತ್ರ ಅಷ್ಟು ಕೆಲಸ ಮಾಡಬಲ್ಲದು. ಒಂದು ಊರಿಗೆ ಮತ್ತೆ ಜೀವ ಕೊಡಬಲ್ಲದು. ಆದರೆ ಅದೇ ವಾರ್ಸಾದಲ್ಲಿ ಮುರಾನೂಫ್ ಅನ್ನುವ ಬಡಾವಣೆ ಇದೆ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊ ಅಲ್ಲಿತ್ತು. 1943ರಲ್ಲಿ ಅದನ್ನು ಪೂರ್ತಿ ನೆಲಸಮ ಮಾಡಿದರು. ಯುದ್ಧದ ನಂತರ ಆ ಅವಶೇಷದ ದಿಬ್ಬಗಳ ಮೇಲೆ, ಅದೇ ಪುಡಿಯಿಂದ ಮಾಡಿದ ಇಟ್ಟಿಗೆ ಬಳಸಿ ಹೊಸ ಮನೆಗಳನ್ನು ಕಟ್ಟಿದರು. ಹಳೇ ಬೀದಿ ಮತ್ತೆ ಏಳಲಿಲ್ಲ. ರಾಜನ ಚಿತ್ರಕಾರ ಅಲ್ಲಿಗೆ ಹೋಗಿರಲಿಲ್ಲ ಅನ್ನುವುದೊಂದೇ ಕಾರಣ ಅಲ್ಲ. ಅಲ್ಲಿಗೆ ಮರಳಿ ಬರಬೇಕಾದ ಜನರನ್ನೇ ಕೊಂದಿದ್ದರು. ಆದರೂ ವಾರ್ಸಾದ ಚಿತ್ರಗಳ ಪ್ರದರ್ಶನ ಮಾಡುವವರು ಬೆಲ್ಲೊಟ್ಟೊ ಕೋಣೆ ಮುಗಿದ ಕೂಡಲೇ "ಮತ್ತೆ ಎದ್ದ ನಗರ" ಅಂತ ಬೋರ್ಡ್ ಹಾಕಿ ಕೈತೊಳೆದುಕೊಳ್ಳಬಾರದು.

ಲೇಬಲ್ ಬರೆಯುವವರ ಕಷ್ಟ ನನಗೆ ತಿಳಿಯುತ್ತದೆ. ಐವತ್ತು ಪದ ಮಿತಿ. ಮೇಲಿನವರು ಓದಿ ಹೊಡೆದುಹಾಕುತ್ತಾರೆ. ಇದು ಹೊಸದೂ ಅಲ್ಲ. ಬೆರನೀಸ್ ಆ್ಯಬಟ್ 1935ರಿಂದ ಸರ್ಕಾರದ ನೆರವಿನಲ್ಲಿ ಬದಲಾಗುತ್ತಿದ್ದ ನ್ಯೂಯಾರ್ಕಿನ ಫೋಟೊ ತೆಗೆದರು. ಗಗನಚುಂಬಿ ಕಟ್ಟಡದ ನೆರಳಿನಲ್ಲಿ ಉಳಿದ ಸಣ್ಣ ಅಂಗಡಿ, ಮೇಲ್ಸೇತುವೆಯ ರೈಲಿನ ಕೆಳಗಿನ ಕತ್ತಲು, ಎಲ್ಲ ಹಿಡಿದರು. ಪ್ಯಾರಿಸ್‌ನ ಹಳೇ ಬೀದಿಗಳನ್ನು ಜೀವಮಾನವಿಡೀ ಹಿಡಿದ ಯುಜೀನ್ ಅಜೆ ಅನ್ನುವವರ ಫೋಟೊಗಳನ್ನು ಕಾಪಾಡಿದ್ದೂ ಈ ಹೆಂಗಸೇ. 1939ರಲ್ಲಿ ಅವರ ನ್ಯೂಯಾರ್ಕ್ ಫೋಟೊಗಳು ಪುಸ್ತಕವಾದಾಗ ವಿಮರ್ಶಕಿ ಎಲಿಜಬೆತ್ ಮೆಕಾಸ್ಲೆಂಡ್ ಫೋಟೊಗಳ ಜೊತೆ ಬರಹ ಬರೆದುಕೊಟ್ಟರು. ಪ್ರಕಾಶಕರು ಅದನ್ನು ಕತ್ತರಿಸಿ, ಪ್ರವಾಸಿಗಳಿಗೆ ಹೇಳುವಂಥ ಕಟ್ಟಡದ ವಿವರಗಳಿಗೆ ಇಳಿಸಿದರು. ಫೋಟೊ ಅದೇ ಉಳಿಯಿತು, ಅದು ಕೇಳುತ್ತಿದ್ದ ಪ್ರಶ್ನೆ ಹೋಯಿತು. ಪಕ್ಕದ ಬರಹಕ್ಕೆ ಎಷ್ಟು ಶಕ್ತಿ ಇದೆ ಅಂತ ಆ ಪ್ರಕಾಶಕರಿಗೆ ಗೊತ್ತಿತ್ತು. ನಿಮಗೂ ಗೊತ್ತು.

ಐವತ್ತು ಪದ ಕಡಿಮೆಯೇನಲ್ಲ. ಮಾರ್ವಿಲ್ ಫೋಟೊದ ಪಕ್ಕ ಹೀಗೆ ಬರೆಯಬಹುದು: "ಈ ಓಣಿಯ ಫೋಟೊ ತೆಗೆಸಿದ್ದು ನಗರದ ಆಡಳಿತ. ಓಣಿಯನ್ನು ಒಡೆಸಿದ್ದೂ ಅದೇ. ಫೋಟೊ ತೆಗೆದಾಗ ಈ ಮನೆಗಳಲ್ಲಿ ಜನ ಇದ್ದರು. ಬಾಡಿಗೆ ಏರಿದ್ದರಿಂದ ಬಡವರಲ್ಲಿ ಅನೇಕರು ಊರಂಚಿಗೆ ಹೋದರು. ಇವರ ಹೆಸರು ನಮಗೆ ಸಿಕ್ಕಿಲ್ಲ." ಇಷ್ಟೇ. ಸಿಕ್ಕಿಲ್ಲ ಅಂತ ಬರೆಯಲು ಹಿಂಜರಿಯಬೇಡಿ. ಹುಡುಕಿದ್ದೀರಿ ಅಂತ ಅದರಿಂದಲೇ ಗೊತ್ತಾಗುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ "ತೆರವುಗೊಳಿಸಲಾಯಿತು"ಗಿಂತ ಅದು ಎಷ್ಟೋ ಮೇಲು.

ದುಡ್ಡು ಕೊಟ್ಟವರಿಗೆ ಬೇಜಾರಾಗುತ್ತದೆ ಅನ್ನುವ ಮಾತೂ ಬರುತ್ತದೆ. ಅಮೆರಿಕದ ಡೆಟ್ರಾಯಿಟ್ ನಗರದ ಮ್ಯೂಸಿಯಂನ ಗೋಡೆಗಳ ಮೇಲೆ ಮೆಕ್ಸಿಕೊದ ಚಿತ್ರಕಾರ ಡಿಯೇಗೊ ರಿವೇರಾ 1932-33ರಲ್ಲಿ 27 ಫಲಕಗಳ ದೊಡ್ಡ ಚಿತ್ರ ಬರೆದರು. ಕಾರು ಕಾರ್ಖಾನೆ, ಅದರ ಕಾರ್ಮಿಕರು. ಖರ್ಚು ಕೊಟ್ಟದ್ದು ಫೋರ್ಡ್ ಕಾರು ಕಂಪನಿಯ ಅಧ್ಯಕ್ಷ ಎಡ್ಸೆಲ್ ಫೋರ್ಡ್. ರಿವೇರಾ ಆ ಊರಿಗೆ ಬರುವ ಸ್ವಲ್ಪ ಮುಂಚೆ, 1932ರ ಮಾರ್ಚ್ 7ರಂದು, ಫೋರ್ಡ್ ಕಾರ್ಖಾನೆಯ ಬಾಗಿಲಿಗೆ ಕೆಲಸ ಕೇಳಿ ಹೊರಟ ನಿರುದ್ಯೋಗಿಗಳ ಮೆರವಣಿಗೆಯ ಮೇಲೆ ಗುಂಡು ಹಾರಿತ್ತು. ಜನ ಸತ್ತಿದ್ದರು. ಚಿತ್ರದಲ್ಲಿ ಅದಿಲ್ಲ. ಇದನ್ನು ಹೇಳಿದರೆ ರಿವೇರಾ ಸಣ್ಣವರಾಗುವುದಿಲ್ಲ. ಕಾರ್ಮಿಕನ ತೋಳಿಗೆ ಅವರು ಕೊಟ್ಟ ಘನತೆ ಹಾಗೇ ಇರುತ್ತದೆ. 2013ರಲ್ಲಿ ಆ ನಗರ ದಿವಾಳಿಯಾಗಿ, ಸಾಲ ತೀರಿಸಲು ಮ್ಯೂಸಿಯಂನ ಕಲಾಕೃತಿಗಳನ್ನೇ ಮಾರುವ ಮಾತು ಬಂತು. ಮರುವರ್ಷ ಹಲವರು ಹಣ ಹಾಕಿ ಸಂಗ್ರಹವನ್ನೂ ನಗರದ ನೌಕರರ ಪಿಂಚಣಿಯನ್ನೂ ಒಟ್ಟಿಗೆ ಸಾಕಷ್ಟು ಮಟ್ಟಿಗೆ ಉಳಿಸಿದರು. ಈ ಎರಡು ಸಂಗತಿಗಳನ್ನೂ ತಿಳಿದು ಆ ಗೋಡೆಗಳ ನಡುವೆ ನಿಂತವರಿಗೆ ನಗರ ಅಂದರೇನು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಯದಾಗಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್. ನಾನು ಕೇಳುತ್ತಿರುವುದನ್ನು ಆಗಲೇ ಮಾಡಿ ತೋರಿಸಿದ ಜಾಗ ಅದು.

ಅಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನುವ ಬಡಾವಣೆ ಇತ್ತು. ಬೇರೆ ಬೇರೆ ಮೂಲದ, ಬೇರೆ ಬೇರೆ ಧರ್ಮದ ಜನ ಒತ್ತಾಗಿ ಬಾಳಿದ ಜಾಗ. 1966ರ ಫೆಬ್ರುವರಿ 11ರಂದು ವರ್ಣಭೇದದ ಸರ್ಕಾರ ಅದನ್ನು ಬಿಳಿಯರಿಗೆ ಮಾತ್ರ ಅಂತ ಘೋಷಿಸಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿ ದೂರದ ಮರಳು ಬಯಲಿಗೆ ಸಾಗಿಸಿತು. ಬುಲ್ಡೋಜರ್ ಮನೆಗಳನ್ನು ಕೆಡವಿತು. 1994ರ ಡಿಸೆಂಬರ್‌ನಲ್ಲಿ ಅಲ್ಲಿನ ಒಂದು ಹಳೇ ಚರ್ಚಿನಲ್ಲಿ ಪ್ರದರ್ಶನವೊಂದು ತೆರೆಯಿತು. ಅದೇ ಇವತ್ತಿನ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ.

ಅಲ್ಲಿ ನೆಲದ ತುಂಬ ಬಡಾವಣೆಯ ನಕ್ಷೆ ಹಾಸಿದ್ದಾರೆ. ಒಂದು ಕಾಲಕ್ಕೆ ಅಲ್ಲಿ ಇದ್ದವರು ಬಂದು ಬಗ್ಗಿ ತಮ್ಮ ಮನೆ ಎಲ್ಲಿತ್ತು ಅಂತ ಅದರ ಮೇಲೇ ಹೆಸರು ಬರೆದರು. ಮೇಲಿಂದ ಬೀದಿಗಳ ಹೆಸರಿನ ಹಳೇ ಫಲಕಗಳು ತೂಗುತ್ತವೆ. ಅವು ಸಿಕ್ಕಿದ್ದು ಹೇಗೆ ಗೊತ್ತಾ? ಕೆಡವುವ ಕೆಲಸದಲ್ಲೇ ಇದ್ದ ಒಬ್ಬರು, ಕಸಕ್ಕೆ ಎಸೆಯಬೇಕಿದ್ದ ಫಲಕಗಳನ್ನು ಎಸೆಯದೆ ಇಷ್ಟು ವರ್ಷ ಮನೆಯಲ್ಲಿ ಇಟ್ಟುಕೊಂಡಿದ್ದರು. ಉದ್ದನೆಯ ಬಟ್ಟೆಯೊಂದನ್ನು ಹರಡಿದ್ದಾರೆ. ಬಂದವರು ಅದರ ಮೇಲೆ ನೆನಪು ಬರೆಯುತ್ತಾರೆ, ಆಮೇಲೆ ಅಕ್ಷರಗಳ ಮೇಲೆ ಕಸೂತಿ ಹಾಕುತ್ತಾರೆ. ಬರಹ ಅಳಿಸಿಹೋಗದ ಹಾಗೆ.

ಅಲ್ಲಿ ಯಾರೂ ಆ ಹೆಂಗಸಿಗೆ ಹಿಂದೆ ಸರಿಯಿರಿ ಅನ್ನುತ್ತಿರಲಿಲ್ಲ. ಪೆನ್ನು ಕೊಡುತ್ತಿದ್ದರು.

ನಕ್ಷೆ, ಫಲಕ, ಬಟ್ಟೆ ಇವೆಲ್ಲ ಕಲೆಯಾ ಅಂತ ಕೇಳಬೇಡಿ. ಸಿಯೆನಾ ನಗರದ ಆಡಳಿತ ಭವನದಲ್ಲಿ ಅಂಬ್ರೋಜೊ ಲೊರೆಂಜೆಟ್ಟಿ 1338-39ರಲ್ಲಿ ಒಳ್ಳೆಯ ಆಡಳಿತದ ನಗರ ಹೇಗಿರುತ್ತದೆ ಅಂತ ಗೋಡೆ ತುಂಬ ಬರೆದರು. ಅಂಗಡಿಯಲ್ಲಿ ಚಪ್ಪಲಿ ಮಾಡುವವನು, ಪಾಠ ಕೇಳುವ ಮಕ್ಕಳು, ಕತ್ತೆಗಳ ಮೇಲಿನ ಮೂಟೆ, ಎಲ್ಲಕ್ಕಿಂತ ಮೇಲೆ ಅಟ್ಟಣಿಗೆ ಹತ್ತಿ ಗೋಡೆ ಕಟ್ಟುತ್ತಿರುವ ಗಾರೆ ಕೆಲಸದವರು. ನಗರವನ್ನು ಆಳುವವರು ಕೂತು ತೀರ್ಮಾನ ಮಾಡುವ ಕೋಣೆ ಅದು. ತಲೆ ಎತ್ತಿದರೆ ಈ ಜನ ಕಾಣಬೇಕು ಅಂತಲೇ ಬರೆಸಿದ್ದು. ನೀವೂ ಅದೇ ಕೆಲಸ ಮಾಡುತ್ತಿದ್ದೀರಿ, ಕೋಣೆ ಬೇರೆ ಅಷ್ಟೇ.

ನಿಮ್ಮ ಪ್ರದರ್ಶನದ ಕೊನೆಯ ಕೋಣೆಯ ಬಗ್ಗೆಯೂ ಒಂದು ಮಾತು. ಬಹಳ ಕಡೆ ಅಲ್ಲಿ ಇಡೀ ಗೋಡೆಗೆ ರಾತ್ರಿ ದೀಪಗಳ ದೊಡ್ಡ ಫೋಟೊ ಹಾಕಿ ಇವತ್ತಿನ ನಗರ ಅನ್ನುತ್ತೀರಿ. ದಯವಿಟ್ಟು ಅದನ್ನು ತೆಗೆಯಿರಿ. ಅದರ ಬದಲು ಈ ವಾರ, ಈ ತಿಂಗಳು ನಿಮ್ಮದೇ ಊರಿನಲ್ಲಿ ಯಾವ ಬೀದಿಗೆ ನೋಟಿಸ್ ಅಂಟಿಸಿದ್ದಾರೆ ಅಂತ ವಿಚಾರಿಸಿ. ಅಲ್ಲಿ ಚಿತ್ರ ಬರೆಯುವವರು ಇದ್ದೇ ಇರುತ್ತಾರೆ. ಗೋಡೆಗೆ ಬಣ್ಣ ಬಳಿಯುವವರು, ಅಂಗಡಿ ಬೋರ್ಡು ಬರೆಯುವವರು, ಫೋನಿನಲ್ಲಿ ಫೋಟೊ ತೆಗೆಯುವ ಮಕ್ಕಳು. ಬುಲ್ಡೋಜರ್ ಬರುವ ಮೊದಲು ಅವರ ಹತ್ತಿರ ಹೋಗಿ. ಅವರ ಕೆಲಸಕ್ಕೆ ದುಡ್ಡು ಕೊಟ್ಟು ಕೊಂಡುಕೊಳ್ಳಿ. ಹೆಸರು, ವಿಳಾಸ ಸರಿಯಾಗಿ ಬರೆದಿಡಿ. ನೂರು ವರ್ಷ ಕಳೆದ ಮೇಲೆ ನಿಮ್ಮ ಜಾಗದಲ್ಲಿ ಕೂತವರು "ಹೆಸರು ಸಿಕ್ಕಿಲ್ಲ" ಅಂತ ಬರೆಯುವ ಹಾಗೆ ಆಗಬಾರದು.

ಮುಂದಿನ ಪ್ರದರ್ಶನದಲ್ಲಿ ಚಿತ್ರಗಳ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿ. ಲೇಬಲ್ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿ, ದಾರ ಕಟ್ಟಿ ಪೆನ್ಸಿಲ್ ಇಡಿ. ಆ ನಗರದ ಜನ ಆಡುವ ಭಾಷೆಗಳಲ್ಲೆಲ್ಲ ಲೇಬಲ್ ಇರಲಿ. ವಯಸ್ಸಾದವರಿಗೆ ಕೂರಲು ಕುರ್ಚಿ ಇರಲಿ, ನೆನಪು ಮಾಡಿಕೊಳ್ಳಲು ಹೊತ್ತು ಬೇಕಾಗುತ್ತದೆ. ಕಾವಲಿನವರಿಗೆ ಮೊದಲೇ ಹೇಳಿಡಿ. ಯಾರಾದರೂ ಚೌಕಟ್ಟಿನ ಆಚೆಯ ಗೋಡೆ ಮುಟ್ಟಿ "ನಮ್ಮನೆ ಇಲ್ಲಿ ಬರುತ್ತೆ" ಅಂದರೆ ಅವರನ್ನು ಸರಿಸಬಾರದು. ಬೀದಿಯ ಹೆಸರೇನು, ಯಾವ ಇಸವಿಯಲ್ಲಿ ಬಿಟ್ಟಿರಿ, ಎಲ್ಲಿಗೆ ಹೋದಿರಿ ಅಂತ ಕೇಳಿ ಬರೆದುಕೊಳ್ಳಬೇಕು.

ಇಂತಿ,
ನಿಮ್ಮ ಪ್ರದರ್ಶನಗಳಿಗೆ ತಪ್ಪದೆ ಬರುವ ಒಬ್ಬ ನೋಡುಗ